ಅಂಗಡಿಗೆ ಲೈಸೆನ್ಸ್ ಇದೆ, ಸೂಜಿಯನ್ನು ಕೇಳುವವರಿಲ್ಲ

ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡ್. ಕೇರಳದ ಕಾಸರಗೋಡು ಜಿಲ್ಲೆಯ ಹೆದ್ದಾರಿ 66ರ ಉದ್ದಕ್ಕೂ ಇರುವ ಪೇಟೆಗಳಲ್ಲಿ ಕಿವಿ ಮೂಗು ಚುಚ್ಚಿಸಿಕೊಳ್ಳಲು ಇವತ್ತು ಜಾಗಕ್ಕೆ ಬರವಿಲ್ಲ. ಓಲೆ ಕೊಂಡರೆ ಚಿನ್ನದಂಗಡಿಯವರು ಗನ್ ಶಾಟ್ (ಸ್ಪ್ರಿಂಗ್ ಗನ್ನಿನಿಂದ ಕಿವಿ ಚುಚ್ಚುವುದು) ಪುಕ್ಕಟೆ ಹೊಡೆದುಕೊಡುತ್ತಾರೆ. ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತಿದ್ದಿಸಿಕೊಂಡ ಕುರ್ಚಿಯಲ್ಲೇ ಮೂಗು ಚುಚ್ಚಿಸಿಕೊಂಡು ಏಳಬಹುದು. ಹಚ್ಚೆ ಸ್ಟುಡಿಯೊಗಳು ಹುಬ್ಬು, ಹೊಕ್ಕುಳು, ನಾಲಿಗೆಯವರೆಗೂ ಹೋಗುತ್ತವೆ. ಒಳನಾಡಿನಲ್ಲಿ ಚಿನ್ನದ ತಂತಿಯಿಂದಲೇ ಕಿವಿ ಚುಚ್ಚುವ ಆಚಾರಿಗಳು ಇನ್ನೂ ಇದ್ದಾರೆ. ಕೆಲವು ಇಎನ್‌ಟಿ ಮತ್ತು ಚರ್ಮರೋಗ ಕ್ಲಿನಿಕ್‌ಗಳೂ ಈ ಕೆಲಸ ಮಾಡುತ್ತವೆ.

ಐದೂ ಕಡೆ ನಡೆಯುವುದು ಒಂದೇ ಕೆಲಸ. ಚರ್ಮದಲ್ಲಿ ತೂತು ಮಾಡಿ, ಒಳಗೆ ಲೋಹ ಕೂರಿಸಿ, ಆ ಲೋಹದ ಸುತ್ತ ಗಾಯ ವಾಸಿಯಾಗಲೆಂದು ಮನೆಗೆ ಕಳಿಸುವುದು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಇವು ಐದು ಬೇರೆ ಬೇರೆ ಕಸುಬುಗಳು. ಕ್ಲಿನಿಕ್ ಒಂದನ್ನು ಬಿಟ್ಟರೆ ಉಳಿದ ನಾಲ್ಕರಲ್ಲಿ ಸೂಜಿ ಎಲ್ಲಿಂದ ಬಂತು, ಚುಚ್ಚಿದ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವ ಹೊಣೆ ಯಾರ ಮೇಲೂ ನೇರವಾಗಿ ಬಿದ್ದಿಲ್ಲ.

ಕಾನೂನು ಎಲ್ಲಿಯವರೆಗೆ ಬಂದು ನಿಂತಿದೆ

ದೇಹ ಚುಚ್ಚುವ ವ್ಯಾಪಾರಕ್ಕೆಂದೇ ರೂಪಿಸಿದ ಕೇಂದ್ರ ಕಾನೂನು ಭಾರತದಲ್ಲಿಲ್ಲ. ಕೇರಳದಲ್ಲಿ ಇಂಥ ಅಂಗಡಿ ತೆರೆಯುವವರು 1994ರ ಪಂಚಾಯತ್ ರಾಜ್ ಕಾಯಿದೆ ಅಥವಾ ಅದೇ ವರ್ಷದ ಮುನಿಸಿಪಾಲಿಟಿ ಕಾಯಿದೆಯಡಿ ವ್ಯಾಪಾರದ ಲೈಸೆನ್ಸ್ ಪಡೆಯುತ್ತಾರೆ. ಆ ಲೈಸೆನ್ಸ್ ನೋಡುವುದು ಕಟ್ಟಡದ ನಂಬರು, ಬಾಡಿಗೆ ಕರಾರು, ಕಸದ ವ್ಯವಸ್ಥೆ, ಶುಲ್ಕ ಇಂಥವನ್ನು. ಚಿನ್ನದಂಗಡಿಯ ಲೈಸೆನ್ಸ್ ಚಿನ್ನ ಮಾರುವುದಕ್ಕೆ, ಪಾರ್ಲರಿನದು ಸೌಂದರ್ಯ ಸೇವೆಗೆ. ಒಳಗೊಂದು ಕುರ್ಚಿ ಹಾಕಿ ದಿನಕ್ಕೆ ಹತ್ತು ಕಿವಿ ಚುಚ್ಚುತ್ತಾರೆಂಬುದು ಆ ಕಾಗದದಲ್ಲಿ ಎಲ್ಲೂ ಕಾಣಿಸಬೇಕೆಂದಿಲ್ಲ.

ಆರೋಗ್ಯದ ಕಡೆಯಿಂದ ನೋಡಿದರೆ 2018ರ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆ ಇದೆ. ಅದು ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳ ನೋಂದಣಿಯದ್ದು. ಚಿನ್ನದಂಗಡಿಯ ಬಾಗಿಲಲ್ಲಿ ಅದಕ್ಕೆ ಕೆಲಸವಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಹೆಸರಿಸಿರುವುದು ಆಸ್ಪತ್ರೆ, ನರ್ಸಿಂಗ್ ಹೋಂ, ಕ್ಲಿನಿಕ್, ಪಶುವೈದ್ಯ ಸಂಸ್ಥೆ, ಲ್ಯಾಬ್, ರಕ್ತನಿಧಿಗಳನ್ನು. ರಕ್ತ ಹತ್ತಿದ ಸೂಜಿಯನ್ನು ದಿನವೂ ಹೊರಹಾಕುವ ಪಿಯರ್ಸಿಂಗ್ ಅಂಗಡಿಯ ಹೆಸರು ಅಲ್ಲಿಲ್ಲ.

ಇನ್ನು 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯಿದೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮದ್ರಾಸ್ ರಾಜ್ಯದಲ್ಲಿದ್ದ ಕಾರಣ ಇಲ್ಲಿ ಆರೋಗ್ಯ ಇಲಾಖೆ ಹಿಡಿದುಕೊಂಡಿದ್ದದ್ದು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆಯನ್ನು. ತೆಂಕು ಕೇರಳದಲ್ಲಿ 1955ರ ತಿರುವಾಂಕೂರು-ಕೊಚ್ಚಿ ಕಾಯಿದೆ ಇತ್ತು. ಎರಡನ್ನೂ ತೆಗೆದು ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದದ್ದು ಈ ಹೊಸ ಕಾಯಿದೆ. ಪಂಚಾಯತ್ ಮಟ್ಟದಲ್ಲಿ ಸರ್ಕಾರಿ ವೈದ್ಯಾಧಿಕಾರಿಗೆ ಸಾರ್ವಜನಿಕ ಆರೋಗ್ಯದ ಅಧಿಕಾರ ಕೊಟ್ಟದ್ದೂ ಇದೇ. ಅಂದರೆ ಅಧಿಕಾರವುಳ್ಳವರು ಇಲ್ಲವೆಂದಲ್ಲ. ಅವರು ಒಳಗೆ ಹೋಗಿ ಏನನ್ನು ಪರೀಕ್ಷಿಸಬೇಕೆಂಬ ಪಟ್ಟಿ ಅವರ ಕೈಯಲ್ಲಿಲ್ಲ. ಹೋಟೆಲಿಗೆ ಹೋದ ಹೆಲ್ತ್ ಇನ್‌ಸ್ಪೆಕ್ಟರ್ ನೀರಿನ ಪರೀಕ್ಷಾ ವರದಿ ಕೇಳುತ್ತಾರೆ, ಕೆಲಸಗಾರರ ಹೆಲ್ತ್ ಕಾರ್ಡ್ ಕೇಳುತ್ತಾರೆ. ಪಿಯರ್ಸಿಂಗ್ ಅಂಗಡಿಗೆ ಹೋದರೆ ನೆಲ ಗುಡಿಸಿದೆಯೇ ಎಂದು ನೋಡಿ ಬರುವಷ್ಟಕ್ಕೇ ಮುಗಿಯುತ್ತದೆ.

2025ರ ಆರಂಭದಲ್ಲಿ ಕರ್ನಾಟಕದಲ್ಲಿ ಹಚ್ಚೆಯ ಶಾಯಿಯಲ್ಲಿ ಭಾರಲೋಹಗಳಿವೆಯೆಂಬ ವಿಚಾರ ದೊಡ್ಡ ಸುದ್ದಿಯಾಯಿತು. ಶಾಯಿಯ ಚರ್ಚೆ ಬೇಕಾದದ್ದೇ. ಆದರೆ ಕಿವಿ ಚುಚ್ಚುವಲ್ಲಿ ಶಾಯಿಯೇ ಇಲ್ಲವಾದ್ದರಿಂದ ಆ ಗಲಾಟೆಯ ಬಿಸಿ ಚಿನ್ನದಂಗಡಿಗೂ ಪಾರ್ಲರಿಗೂ ತಟ್ಟಲಿಲ್ಲ.

ಗನ್ ಎಂಬ ಸಾಧನವನ್ನು ಬಿಚ್ಚಿ ನೋಡಿದರೆ

ಜನರ ಮನಸ್ಸಿನಲ್ಲಿ ಹಚ್ಚೆ ಸ್ಟುಡಿಯೊ ಅಪಾಯದ ಜಾಗ, ಎಸಿ ಹಾಕಿದ ಚಿನ್ನದಂಗಡಿ ಸುರಕ್ಷಿತ ಜಾಗ. ಉಪಕರಣದ ದೃಷ್ಟಿಯಿಂದ ಇದು ತಲೆಕೆಳಗು.

ಸಾಮಾನ್ಯವಾಗಿ ಬಳಸುವ ಗನ್ನಿನಲ್ಲಿ ಒಂದು ಸ್ಪ್ರಿಂಗ್, ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಕೊಕ್ಕೆ, ಮುಂದೆ ಟಿಕ್ಕಿ (ಕಡ್ಡಿಯಿರುವ ಸಣ್ಣ ಓಲೆ) ಕೂರಿಸುವ ಜಾಗ, ಎದುರಿಗೆ ಚಿಟ್ಟೆಯಾಕಾರದ ತಿರುಪನ್ನು ಹಿಡಿಯುವ ಗೂಡು ಇರುತ್ತವೆ. ಕುದುರೆ ಒತ್ತಿದಾಗ ಸ್ಪ್ರಿಂಗ್ ಬಿಚ್ಚಿಕೊಂಡು ಟಿಕ್ಕಿಯ ಕಡ್ಡಿಯನ್ನು ಕಿವಿಯ ಮೂಲಕ ನೂಕಿ ತಿರುಪಿನೊಳಕ್ಕೆ ಸಿಕ್ಕಿಸುತ್ತದೆ. ಕಡ್ಡಿಯ ತುದಿ ಚೂಪಾಗಿ ಕಂಡರೂ ಅದಕ್ಕೆ ಕೊಯ್ಯುವ ಅಂಚಿಲ್ಲ. ಟೊಳ್ಳು ಸೂಜಿ ಅರ್ಧಚಂದ್ರಾಕಾರದಲ್ಲಿ ಕೊಯ್ದು ದಾರಿ ಮಾಡಿಕೊಂಡರೆ, ಗನ್ನಿನ ಕಡ್ಡಿ ಮಾಂಸವನ್ನು ಬದಿಗೆ ಜಜ್ಜಿಕೊಂಡು ನುಗ್ಗುತ್ತದೆ. ಕೊಬ್ಬು ಮತ್ತು ಚರ್ಮವಷ್ಟೇ ಇರುವ ಕಿವಿಹಾಲೆ ಇದನ್ನು ತಾಳಿಕೊಳ್ಳುತ್ತದೆ. ಕಿವಿಯ ಮೇಲಂಚಿನ ಮೃದ್ವಸ್ಥಿ (ಕಾರ್ಟಿಲೇಜ್) ತಾಳುವುದಿಲ್ಲ. ಬಿರುಕು ಬಿಡುತ್ತದೆ, ಅದರ ಮೇಲಿನ ತೆಳುಪೊರೆ ಕಳಚಿ ಬರುತ್ತದೆ.

ಈ ಪೊರೆಯೇ ಮುಖ್ಯ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಆಹಾರ ಬರುವುದು ಪೊರೆಯಿಂದ. ಪೊರೆ ಕಳಚಿದ ಜಾಗದಲ್ಲಿ ಕೀವು ತುಂಬಿದರೆ ಒಳಗಿನ ಮೃದ್ವಸ್ಥಿ ಉಪವಾಸ ಬಿದ್ದು ಸಾಯುತ್ತದೆ, ಕಿವಿ ಮುದುಡಿ ವಿಕಾರವಾಗುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವ ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್ ಏರುಜಿನೋಸಾ. ನೀರು ನಿಂತಲ್ಲೆಲ್ಲ ಬದುಕುವ ಜೀವಿ ಇದು. ಹುಣ್ಣಿಗೆಂದು ಮೆಡಿಕಲ್ ಶಾಪಿನಿಂದ ಕೇಳಿ ತರುವ ಅಮಾಕ್ಸಿಸಿಲಿನ್ ಇದಕ್ಕೆ ನಾಟುವುದಿಲ್ಲ. ಮೂರು ದಿನ ಅದನ್ನು ನುಂಗಿ ನಾಲ್ಕನೇ ದಿನ ಡಾಕ್ಟರ ಬಳಿ ಓಡುವ ಹೊತ್ತಿಗೆ ಕಿವಿ ಕೈಮೀರಿರುತ್ತದೆ. ಮೇಲಂಚು ಕೆಂಪಾಗಿ ಊದಿಕೊಂಡು, ಹಾಲೆ ಮಾತ್ರ ಮಾಮೂಲಾಗಿದ್ದರೆ ಅದು ಮೃದ್ವಸ್ಥಿಯ ಸೋಂಕಿನ ಲಕ್ಷಣ. ಅದೇ ದಿನ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.

ಅಮೆರಿಕದ ಒರೆಗಾನ್‌ನಲ್ಲಿ 2000ರಲ್ಲಿ ಆದದ್ದು ಇದೇ. ಆಭರಣ ಮಾರುವ ಒಂದು ಸಣ್ಣ ಮಳಿಗೆಯಲ್ಲಿ ಗನ್ನಿನಿಂದ ಕಿವಿಯ ಮೇಲಂಚು ಚುಚ್ಚಿಸಿಕೊಂಡವರಲ್ಲಿ 7 ಮಂದಿಗೆ ಸ್ಯೂಡೊಮೊನಾಸ್ ಸೋಂಕು ದೃಢಪಟ್ಟಿತು, ಇನ್ನೂ 18 ಮಂದಿಯ ಮೇಲೆ ಶಂಕೆ ಇತ್ತು. ಹುಡುಕುತ್ತ ಹೋದಾಗ ಅದೇ ಬ್ಯಾಕ್ಟೀರಿಯಾ ಸಿಕ್ಕಿದ್ದು ಸೋಂಕು ನಿವಾರಕದ ಬಾಟಲಿಯಲ್ಲಿ. ಕ್ರಿಮಿ ಕೊಲ್ಲಲೆಂದು ಇಟ್ಟ ಬಾಟಲಿಯೇ ಕ್ರಿಮಿಯ ಮನೆಯಾಗಿತ್ತು. ಖಾಲಿಯಾದ ಸ್ಪ್ರೇ ಬಾಟಲಿಗೆ ಕ್ಯಾನಿನಿಂದ ಮತ್ತೆ ಸುರಿದು, ಗಟ್ಟಿಯಾಯಿತೆಂದು ನಲ್ಲಿ ನೀರು ಬೆರೆಸುವ ರೂಢಿ ನಮ್ಮ ಪಾರ್ಲರುಗಳಿಗೂ ಹೊಸತಲ್ಲ.

ಗನ್ನಿನ ಎರಡನೇ ದೋಷ ಅದರ ಮೈ. ಪ್ಲಾಸ್ಟಿಕ್ ಭಾಗಗಳಿರುವುದರಿಂದ ಒತ್ತಡದ ಬಿಸಿ ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ 121 ಡಿಗ್ರಿಗೆ ಅದು ಕರಗುತ್ತದೆ. ಹಾಗಾಗಿ ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ ಮುಂದಿನವರಿಗೆ ಹಿಡಿಯುತ್ತಾರೆ. ಸ್ಪ್ರಿಂಗ್ ಬಡಿದಾಗ ಚಿಮ್ಮುವ ಕಣ್ಣಿಗೆ ಕಾಣದ ರಕ್ತದ ಹನಿ ಒಳಸಂದಿಗೆ ಹೋಗುತ್ತದೆ. ಹತ್ತಿ ಅಲ್ಲಿಗೆ ಹೋಗುವುದಿಲ್ಲ. ಮೂರನೆಯದು ಕಡ್ಡಿಯ ಉದ್ದ. ಟಿಕ್ಕಿಗೂ ತಿರುಪಿಗೂ ನಡುವಿನ ಅಂತರ ಮೊದಲೇ ನಿಗದಿ. ಗಾಯ ಊದಿಕೊಂಡಾಗ ಜಾಗವಿಲ್ಲದೆ ತಿರುಪು ಚರ್ಮದೊಳಗೆ ಹೂತುಹೋಗುತ್ತದೆ, ಮಕ್ಕಳಲ್ಲಿ ಇದು ಹೆಚ್ಚು.

ಕಿವಿ ಮುಟ್ಟುವ ಭಾಗವೆಲ್ಲ ಒಮ್ಮೆ ಬಳಸಿ ಎಸೆಯುವ ಕ್ಯಾಸೆಟ್ ಮಾದರಿಯ ಸಾಧನಗಳೂ ಇವೆ. ಹಾಲೆಗೆ ಅವು ಪರವಾಗಿಲ್ಲ. ಮೃದ್ವಸ್ಥಿಗೆ ಅವೂ ಬೇಡ, ಏಕೆಂದರೆ ನುಗ್ಗುವ ರೀತಿ ಬದಲಾಗಿಲ್ಲ. ಕರಾವಳಿಯ ಮಾಪಿಳ್ಳ, ಬ್ಯಾರಿ ಮನೆತನಗಳ ಹಿರಿಯ ಹೆಂಗಸರು ಅಲಿಕ್ಕತ್ತಿಗಾಗಿ (ಕಿವಿಯಂಚಿಗೆ ಸಾಲಾಗಿ ಹಾಕುವ ಓಲೆ) ಕಿವಿಯ ಅಂಚಿನುದ್ದಕ್ಕೂ ತೂತು ಹಾಕಿಸಿಕೊಂಡವರೇ. ಆಗ ಬಳಸುತ್ತಿದ್ದದ್ದು ಸೂಜಿ, ಗನ್ ಅಲ್ಲ. ಈಗ ಕಾಲೇಜು ಹುಡುಗಿಯರಲ್ಲಿ ಹೆಲಿಕ್ಸ್ ಎಂದು ಅದೇ ಮೇಲಂಚಿನ ಫ್ಯಾಶನ್ ಮರಳಿ ಬಂದಿದೆ, ಈ ಸಲ ಗನ್ನಿನ ಜೊತೆ.

ರಕ್ತದಿಂದ ರಕ್ತಕ್ಕೆ

ಕೀವು ಕಣ್ಣಿಗೆ ಕಾಣುತ್ತದೆ. ಹೆಪಟೈಟಿಸ್ ಬಿ ಕಾಣುವುದಿಲ್ಲ. ಒಣಗಿದ ರಕ್ತದಲ್ಲಿ, ದೇಹದ ಹೊರಗೆ, ಈ ವೈರಸ್ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಸೋಂಕಿತರ ರಕ್ತ ಹತ್ತಿದ ಸೂಜಿ ಚುಚ್ಚಿಕೊಂಡ ಆರೋಗ್ಯ ಕಾರ್ಯಕರ್ತರ ಲೆಕ್ಕ ನೋಡಿದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಹರಡುವ ಸಾಧ್ಯತೆ ಶೇ 6ರಿಂದ 30, ಹೆಪಟೈಟಿಸ್ ಸಿ ಶೇ 1.8ರಷ್ಟು, ಎಚ್‌ಐವಿ ಶೇ 0.3ರಷ್ಟು. ಜನ ಹೆದರುವುದು ಕೊನೆಯದಕ್ಕೆ, ಹೆದರಬೇಕಾದದ್ದು ಮೊದಲನೆಯದಕ್ಕೆ. ಲಕ್ಷಣಗಳು ಹೊರಬರಲು ಒಂದರಿಂದ ಆರು ತಿಂಗಳು ಬೇಕು, ಎಷ್ಟೋ ಜನರಲ್ಲಿ ಬರುವುದೇ ಇಲ್ಲ. ಅಷ್ಟು ಹೊತ್ತಿಗೆ ಕಿವಿ ಚುಚ್ಚಿಸಿದ್ದು ಯಾರಿಗೆ ನೆನಪಿರುತ್ತದೆ?

ಈ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಗಲ್ಫಿಗೆ ಹೋಗುವವರ ವೈದ್ಯಕೀಯ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಮೂರನ್ನೂ ನೋಡುತ್ತಾರೆ. ಪಾಸಿಟಿವ್ ಬಂದರೆ ‘ಅನ್‌ಫಿಟ್’, ವೀಸಾ ಅಲ್ಲಿಗೆ ನಿಂತಿತು. ಮನೆಮನೆಯಿಂದ ಒಬ್ಬರು ದುಬೈ, ದೋಹಾ, ರಿಯಾದ್‌ನಲ್ಲಿರುವ ಊರಿನಲ್ಲಿ ಒಂದು ಕೆಟ್ಟ ಸೂಜಿಯ ಬೆಲೆ ಆಸ್ಪತ್ರೆ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಶಿಶುಗಳಿಗೆ ಸಿಗತೊಡಗಿದ್ದು 2011ರ ಹೊತ್ತಿಗೆ. ಈಗ ಇಪ್ಪತ್ತು ದಾಟಿದವರಲ್ಲಿ ಬಹಳಷ್ಟು ಮಂದಿ ಲಸಿಕೆ ಇಲ್ಲದವರು. 0, 1, 6 ತಿಂಗಳಿಗೆ ಮೂರು ಡೋಸ್ ಮೊದಲೇ ಮುಗಿಸಿಕೊಂಡರೆ ಅರ್ಧ ತಲೆಬಿಸಿ ಕಡಿಮೆ. ಚುಚ್ಚುವ ಕೆಲಸಗಾರರಿಗಂತೂ ಇದು ಕಡ್ಡಾಯ ಆಗಲೇಬೇಕು. ರಕ್ತನಿಧಿಗಳು ಕಿವಿ ಚುಚ್ಚಿಸಿಕೊಂಡವರನ್ನೂ ಹಚ್ಚೆ ಹಾಕಿಸಿಕೊಂಡವರನ್ನೂ 12 ತಿಂಗಳು ರಕ್ತದಾನಕ್ಕೆ ಬಿಡುವುದಿಲ್ಲ ಎಂಬುದೇ ಈ ಅಪಾಯವನ್ನು ವೈದ್ಯಕೀಯ ವ್ಯವಸ್ಥೆ ಎಷ್ಟು ಗಂಭೀರವಾಗಿ ನೋಡುತ್ತದೆ ಎಂಬುದಕ್ಕೆ ಸಾಕ್ಷಿ.

ಸ್ಟೆರಿಲೈಸ್ ಎಂದರೆ ಯಾವುದು

ಪಾರ್ಲರುಗಳಲ್ಲಿ ನೀಲಿ ಬೆಳಕಿನ ಪೆಟ್ಟಿಗೆಯೊಂದು ಇರುತ್ತದೆ, ಅದನ್ನೇ ಸ್ಟೆರಿಲೈಸರ್ ಎನ್ನುತ್ತಾರೆ. ಆ ಯುವಿ ಪೆಟ್ಟಿಗೆ ಬೆಳಕು ನೇರವಾಗಿ ಬಿದ್ದ ಮೇಲ್ಮೈಗಷ್ಟೇ ಸ್ವಲ್ಪ ಉಪಯೋಗ. ಉಪಕರಣದ ಅಡಿಭಾಗಕ್ಕೆ, ಸಂದಿಗೆ ಏನೂ ಮಾಡದು. ಕುದಿಯುವ ನೀರು ಬಹುತೇಕ ವೈರಸ್‌ಗಳನ್ನು ಕೊಲ್ಲುತ್ತದೆ, ಧನುರ್ವಾಯುವಿನಂಥ ರೋಗಗಳ ಬೀಜಾಣು 100 ಡಿಗ್ರಿಯನ್ನು ತಾಳಿಕೊಂಡು ಉಳಿಯುತ್ತದೆ. ಸ್ಪಿರಿಟ್‌ನಲ್ಲಿ ಅದ್ದುವುದೂ ಬೀಜಾಣುವಿನ ಮುಂದೆ ಸೋಲುತ್ತದೆ.

ಲೆಕ್ಕಕ್ಕೆ ಬರುವುದು ಆಟೋಕ್ಲೇವ್. ಪ್ಯಾಕ್ ಮಾಡಿದ ಉಪಕರಣಕ್ಕೆ 121 ಡಿಗ್ರಿ ಸೆಲ್ಸಿಯಸ್, 15 ಪಿಎಸ್‌ಐ ಒತ್ತಡದಲ್ಲಿ 30 ನಿಮಿಷ. ಗಾಳಿಯನ್ನು ಮೊದಲೇ ಹೀರಿ ತೆಗೆಯುವ ಬಿ ಕ್ಲಾಸ್ ಯಂತ್ರದಲ್ಲಾದರೆ 134 ಡಿಗ್ರಿಯಲ್ಲಿ 4 ನಿಮಿಷದ ಹತ್ತಿರ. ಟೊಳ್ಳು ಕೊಳವೆಗಳಿಗೂ ಪೌಚ್ ಎಂಬ ಮುಚ್ಚಿದ ಕಾಗದದ ಚೀಲದೊಳಗಿನ ಉಪಕರಣಗಳಿಗೂ ಬಿ ಕ್ಲಾಸೇ ಬೇಕು, ಏಕೆಂದರೆ ಒಳಗೆ ಸಿಕ್ಕಿಕೊಂಡ ಗಾಳಿ ಆವಿಯನ್ನು ಒಳಬಿಡುವುದಿಲ್ಲ. ಅದಕ್ಕೂ ಮೊದಲು ಉಪಕರಣವನ್ನು ತೊಳೆದು, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಅಲುಗಿಸಿ, ಒಣಗಿಸಿರಬೇಕು. ರಕ್ತದ ಕಲೆ ಇರುವಾಗಲೇ ಕಾಯಿಸಿದರೆ ಪ್ರೋಟೀನ್ ಗಟ್ಟಿಯಾಗಿ ಕ್ರಿಮಿಗೆ ಹೊದಿಕೆಯಾಗುತ್ತದೆ.

ಪೌಚಿನ ಮೇಲಿನ ಪಟ್ಟಿ ಬಣ್ಣ ಬದಲಾಯಿಸಿತೆಂದರೆ ಶಾಖ ತಾಗಿದೆ ಎಂದಷ್ಟೇ ಅರ್ಥ. ಯಂತ್ರ ನಿಜವಾಗಿ ಕೊಲ್ಲುತ್ತಿದೆಯೇ ಎಂದು ಹೇಳುವುದು ಸ್ಪೋರ್ ಟೆಸ್ಟ್. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಶಾಖ ತಾಳುವ ಬೀಜಾಣುವಿನ ಸಣ್ಣ ಕೊಳವೆಯನ್ನು ಉಪಕರಣಗಳ ಜೊತೆ ಇಟ್ಟು ಕಾಯಿಸಿ, ಆಮೇಲೆ ಅದು ಬೆಳೆಯುತ್ತದೆಯೇ ಎಂದು ನೋಡುವುದು. ಆಸ್ಪತ್ರೆಗಳಲ್ಲಿ ಕನಿಷ್ಠ ವಾರಕ್ಕೊಮ್ಮೆ ಮಾಡುವ ಪರೀಕ್ಷೆ ಇದು.

ನಮ್ಮ ಕಡೆಯ ಹವೆ ಇದಕ್ಕೆ ಎರಡು ತೊಂದರೆ ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಪೌಚಿನ ಕಾಗದದ ಬದಿ ನೆನೆದರೆ ಅದರ ಮೂಲಕ ಬ್ಯಾಕ್ಟೀರಿಯಾ ಒಳಸೇರುತ್ತದೆ. ಒದ್ದೆಯಾದ ಪೌಚ್ ಸ್ಟೆರೈಲ್ ಅಲ್ಲ, ದಿನಾಂಕ ಏನೇ ಇರಲಿ. ಕೆಂಪುಕಲ್ಲಿನ ನೆಲದ ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣಾಂಶ ಇರುವ ಕಡೆ ಅದನ್ನೇ ಆಟೋಕ್ಲೇವಿಗೆ ಸುರಿದರೆ ಯಂತ್ರದ ಒಳಗೋಡೆಯಲ್ಲಿ ಕಂದು ಕಲೆ, ಉಪಕರಣದ ಮೇಲೆ ಚುಕ್ಕೆ. ಡಿಸ್ಟಿಲ್ಡ್ ನೀರೇ ಬೇಕು. ಕರೆಂಟ್ ಹೋಗಿ ಸೈಕಲ್ ಅರ್ಧಕ್ಕೆ ನಿಂತರೆ ಉಳಿದ ನಿಮಿಷಗಳನ್ನು ಆಮೇಲೆ ಸೇರಿಸುವಂತಿಲ್ಲ, ಮೊದಲಿನಿಂದ ಶುರು.

ಸಣ್ಣ ಅಂಗಡಿಗೆ ಇಷ್ಟೆಲ್ಲ ಕಷ್ಟವಾದರೆ ಸರಳ ದಾರಿ ಇದೆ: ಕಂಪನಿಯಿಂದಲೇ ಸ್ಟೆರೈಲ್ ಆಗಿ ಬರುವ, ಒಮ್ಮೆ ಬಳಸಿ ಎಸೆಯುವ ಸೂಜಿ, ಕ್ಲ್ಯಾಂಪ್, ಆಭರಣ. ಇಲ್ಲಿನ ಅನೇಕ ಸ್ಟುಡಿಯೊಗಳು ಆಸ್ಪತ್ರೆಯ ಐವಿ ಕ್ಯಾನುಲಾ (ಡ್ರಿಪ್ ಹಾಕಲು ರಕ್ತನಾಳಕ್ಕೆ ಚುಚ್ಚುವ, ಪ್ಲಾಸ್ಟಿಕ್ ಕೊಳವೆ ತೊಡಿಸಿದ ಸೂಜಿ) ಬಳಸುವುದು ಇದೇ ಕಾರಣಕ್ಕೆ. ಹಸಿರು ಬಣ್ಣದ 18 ಗೇಜ್ ಕ್ಯಾನುಲಾದ ಹೊರವ್ಯಾಸ ಸುಮಾರು 1.3 ಮಿ.ಮೀ., 1.2 ಮಿ.ಮೀ. ಕಡ್ಡಿಯ ಆಭರಣಕ್ಕೆ ಸರಿಹೊಂದುತ್ತದೆ. ಸೂಜಿ ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಕೊಳವೆಯೊಳಗೆ ಕಡ್ಡಿಯ ತುದಿ ಇಟ್ಟು ಎಳೆದರೆ ಆಭರಣ ನೋವಿಲ್ಲದೆ ಜಾಗಕ್ಕೆ ಬರುತ್ತದೆ. ಕ್ಯಾನುಲಾ 2005ರಿಂದಲೇ ಕಾನೂನಿನಡಿ ಅಧಿಸೂಚಿತ ವೈದ್ಯಕೀಯ ಸಾಧನ. ಪೊಟ್ಟಣದ ಮೇಲೆ ಬ್ಯಾಚ್ ನಂಬರು, ಎಕ್ಸ್‌ಪೈರಿ, ತಯಾರಿಕಾ ಲೈಸೆನ್ಸ್, ಅಡ್ಡಗೀಟು ಹೊಡೆದ 2ರ ಗುರುತು ಇರಬೇಕು. ಆ ಗುರುತಿಗೆ ಮತ್ತೆ ಬಳಸಬೇಡಿ ಎಂದರ್ಥ. ಆನ್‌ಲೈನಿನಲ್ಲಿ ನೂರರ ಲೆಕ್ಕದಲ್ಲಿ ಬರುವ ಹೆಸರಿಲ್ಲದ ಪಿಯರ್ಸಿಂಗ್ ಸೂಜಿಗಳಲ್ಲಿ ಇದ್ಯಾವುದೂ ಇಲ್ಲದಿದ್ದರೆ ಅವನ್ನು ಮುಟ್ಟಬಾರದು. ಪೊಟ್ಟಣ ಗಿರಾಕಿಯ ಕಣ್ಣೆದುರೇ ಒಡೆಯಬೇಕು.

ಇಲ್ಲಿ ಆಚಾರಿಗಳ ಪರವಾಗಿ ಒಂದು ಮಾತು. ಅವರ ತಂತಿ ಚಿನ್ನದ್ದು, ತುದಿ ಹರಿತ, ಬಹುಮಟ್ಟಿಗೆ ಪ್ರತಿ ಮಗುವಿಗೆ ಹೊಸತು. ಗನ್ನಿಗಿಂತ ಅದು ಮೇಲು. ಕೊರತೆ ಇರುವುದು ಕೈ, ಚಿಮಟ ಮತ್ತು ಚರ್ಮದ ಸ್ವಚ್ಛತೆಯಲ್ಲಿ. ನೈಟ್ರೈಲ್ ಗ್ಲೌಸ್, ಶೇ 10ರ ಪೊವಿಡೋನ್ ಅಯೋಡಿನ್ ಹಚ್ಚಿ ಎರಡು ನಿಮಿಷ ಒಣಗಲು ಬಿಡುವ ತಾಳ್ಮೆ, ಸ್ಟೆರೈಲ್ ಆದ ತಂತಿ, ಇಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಮಗುವಿಗಾದರೆ 6, 10, 14 ವಾರಗಳ ಪೆಂಟಾವೇಲೆಂಟ್ ಲಸಿಕೆ ಮುಗಿದ ಮೇಲೆಯೇ ಚುಚ್ಚಿಸುವುದು ಒಳ್ಳೆಯದು, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಎರಡರ ರಕ್ಷಣೆಯೂ ಅದರಲ್ಲಿದೆ.

ಹಾಲ್‌ಮಾರ್ಕ್ ಹೇಳದ ಮಾತು

ಬಿಐಎಸ್ ಹಾಲ್‌ಮಾರ್ಕ್ ಇದೆಯಲ್ಲ, ಮತ್ತೇನು ಎಂದು ಅಂಗಡಿಯವರು ಹೇಳುತ್ತಾರೆ. ಹಾಲ್‌ಮಾರ್ಕ್ ಹೇಳುವುದು ಚಿನ್ನ ಎಷ್ಟಿದೆ ಎಂದು. 916 ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ. ಉಳಿದ 84 ಪಾಲು ತಾಮ್ರವೋ ಬೆಳ್ಳಿಯೋ ನಿಕ್ಕಲ್ಲೋ ಅದು ಹೇಳುವುದಿಲ್ಲ. ಗನ್ ಶಾಟ್‌ಗೆ ಹಾಕುವ ಟಿಕ್ಕಿಯಂತೂ ಬಹುಪಾಲು ಚಿನ್ನವೇ ಅಲ್ಲ, ಉಕ್ಕಿನ ಮೇಲೆ ಲೇಪ. ಲೇಪ ಸವೆದರೆ ಕೆಳಗಿನ ನಿಕ್ಕಲ್ ಹಸಿ ಗಾಯಕ್ಕೆ ತಾಗುತ್ತದೆ. ನಿಕ್ಕಲ್ ಅಲರ್ಜಿ ಒಮ್ಮೆ ಅಂಟಿಕೊಂಡರೆ ಜೀವಮಾನವಿಡೀ ಇರುತ್ತದೆ; ಆಮೇಲೆ ವಾಚಿನ ಬಕಲ್, ಪ್ಯಾಂಟಿನ ಗುಂಡಿಗೂ ಚರ್ಮ ಕೆರೆಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಚುಚ್ಚಿದ ತೂತಿಗೆ ಹಾಕುವ ಕಡ್ಡಿಯಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಕೂಡದು. ಮೊದಲ ಆಭರಣಕ್ಕೆ ಎಎಸ್‌ಟಿಎಂ ಎಫ್ 136 ದರ್ಜೆಯ ಟೈಟಾನಿಯಂ ಸುರಕ್ಷಿತ. ಕೊಳ್ಳುವಾಗ ಅಂಗಡಿಯವರಿಂದ ಕೇಳಬೇಕಾದದ್ದು ಲೋಹದಲ್ಲಿ ಏನೇನಿದೆ ಎಂದು ತಯಾರಕರು ಕೊಡುವ ಆ ಬ್ಯಾಚಿನ ಮಿಲ್ ಸರ್ಟಿಫಿಕೇಟ್. ಸರ್ಜಿಕಲ್ ಸ್ಟೀಲ್ ಎಂಬ ಬಾಯಿಮಾತಿಗೆ ಅರ್ಥವಿಲ್ಲ.

ವಾಸಿಯಾಗುವ ಅವಧಿ ಹಾಲೆಗೆ 6ರಿಂದ 8 ವಾರ, ಮೂಗಿನ ಹೊಳ್ಳೆಗೆ 4ರಿಂದ 6 ತಿಂಗಳು, ಮೃದ್ವಸ್ಥಿ ಮತ್ತು ಹೊಕ್ಕುಳಿಗೆ 6ರಿಂದ 12 ತಿಂಗಳು. ದಿನಕ್ಕೆರಡು ಸಲ ಶೇ 0.9ರ ಸಲೈನ್ ಸಾಕು. 100 ಮಿ.ಲೀ. ಬಾಟಲಿ ಮೆಡಿಕಲ್‌ನಲ್ಲಿ ಸಿಗುತ್ತದೆ, ತೆರೆದ ಮೇಲೆ ಮರುದಿನಕ್ಕೆ ಇಡಬೇಡಿ. ಅರಿಶಿನ-ತೆಂಗಿನೆಣ್ಣೆ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಹಸಿ ತೂತಿನಲ್ಲಿ ತಿರುಪನ್ನು ತಿರುಗಿಸುವುದು ಎಲ್ಲವೂ ಗಾಯವನ್ನು ಕೆದಕುತ್ತವೆ.

ಸೂಜಿ ಕೊನೆಗೆ ಯಾರ ಕೈಗೆ

ಬಳಸಿದ ಸೂಜಿ ಈಗ ಹೋಗುವುದು ಹೆಚ್ಚಾಗಿ ಹತ್ತಿ, ಗ್ಲೌಸ್‌ಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ. ಆ ಚೀಲವನ್ನು ಎತ್ತಿ ಕೈಯಿಂದ ಬೇರ್ಪಡಿಸುವವರು ಊರಿನ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು. ಆಸ್ಪತ್ರೆಯ ಸೂಜಿಗೆ ಇರುವ ನಿಯಮ ಸ್ಪಷ್ಟ: ಚುಚ್ಚಿ ಹರಿಯದ, ಸೋರದ, ಒಮ್ಮೆ ಮುಚ್ಚಿದರೆ ತೆರೆಯಲಾಗದ ಬಿಳಿ ಅರೆಪಾರದರ್ಶಕ ಡಬ್ಬ, ಮುಕ್ಕಾಲು ತುಂಬಿದೊಡನೆ ಮುಚ್ಚಿ ಅಧಿಕೃತ ಸಂಸ್ಕರಣಾ ಘಟಕಕ್ಕೆ. ಕೇರಳದ ಆಸ್ಪತ್ರೆ ತ್ಯಾಜ್ಯಕ್ಕೆ ಭಾರತೀಯ ವೈದ್ಯಕೀಯ ಸಂಘದ ‘ಇಮೇಜ್’ ಘಟಕ ಪಾಲಕ್ಕಾಡಿನಲ್ಲಿದೆ. ಒಬ್ಬ ಪಾರ್ಲರಿನವರು ತಿಂಗಳಿಗೆ ಒಂದು ಡಬ್ಬಕ್ಕಾಗಿ ಅಲ್ಲಿ ಸದಸ್ಯರಾಗಬೇಕೆನ್ನುವುದು ನಡೆಯದ ಮಾತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಂಥ ಡಬ್ಬಗಳನ್ನು ರಶೀದಿ ಕೊಟ್ಟು ತೆಗೆದುಕೊಂಡು ತನ್ನ ತ್ಯಾಜ್ಯದ ಜೊತೆ ಕಳಿಸಲು ಆರೋಗ್ಯ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ದಾರಿ ಮಾಡಿಕೊಟ್ಟರೆ ಕೆಲಸ ಆಗುತ್ತದೆ. ಇದನ್ನು ಬಿಟ್ಟು ಉಳಿದ ಸುಧಾರಣೆ ಎಷ್ಟು ಮಾಡಿದರೂ ಪಿಯರ್ಸಿಂಗ್ ಅಂಗಡಿಯ ಅಪಾಯ ಹರಿತ ಕರ್ಮ ಸೇನೆಯ ಕೈಗೆ ವರ್ಗಾವಣೆ ಆಗುತ್ತದೆ, ಅಷ್ಟೇ.

ಪಂಚಾಯತ್ ಕೈಯಲ್ಲಿ ಇರುವುದು

ವೇಲ್ಸ್‌ನವರು 2017ರ ಸಾರ್ವಜನಿಕ ಆರೋಗ್ಯ ಕಾಯಿದೆಯಡಿ ಒಂದು ವ್ಯವಸ್ಥೆ ರೂಪಿಸಿ 2024ರ ನವೆಂಬರ್ 29ರಿಂದ ಜಾರಿಗೆ ತಂದರು. ಪಿಯರ್ಸಿಂಗ್, ಹಚ್ಚೆ, ಅಕ್ಯುಪಂಕ್ಚರ್, ಎಲೆಕ್ಟ್ರಾಲಿಸಿಸ್ (ವಿದ್ಯುತ್ತಿನಿಂದ ಕೂದಲು ತೆಗೆಯುವುದು) ನಾಲ್ಕಕ್ಕೂ ಚುಚ್ಚುವ ವ್ಯಕ್ತಿಗೆ ಲೈಸೆನ್ಸ್, ಜಾಗಕ್ಕೆ ಪ್ರತ್ಯೇಕ ಅನುಮೋದನೆ, ಸೋಂಕು ನಿಯಂತ್ರಣದ ತರಬೇತಿ ಕಡ್ಡಾಯ. ಬೋರ್ಡಿನ ಮೇಲೆ ಏನು ಬರೆದಿದೆ ಎಂದು ನೋಡದೆ, ಚರ್ಮ ಚುಚ್ಚುವ ಕೃತ್ಯವನ್ನೇ ಹಿಡಿದದ್ದು ಅದರ ಜಾಣತನ. 18 ದಾಟದವರ ಗುಪ್ತಾಂಗ, ನಾಲಿಗೆ ಚುಚ್ಚುವುದನ್ನು ಅಲ್ಲಿ 2018ರ ಫೆಬ್ರವರಿಯಲ್ಲೇ ನಿಷೇಧಿಸಲಾಗಿತ್ತು.

ಇಲ್ಲಿ ಹೊಸ ಕಾಯಿದೆಗೆ ಕಾಯಬೇಕಾಗಿಲ್ಲ. ಪಂಚಾಯತ್‌ಗೆ ಉಪನಿಯಮ ಮಾಡುವ ಅಧಿಕಾರ ಇದೆ, ಲೈಸೆನ್ಸಿಗೆ ಶರತ್ತು ಹಾಕುವ ಅವಕಾಶ ಇದೆ. ಯಾವುದೇ ಅಂಗಡಿಯಲ್ಲಿ ಚರ್ಮ ಚುಚ್ಚುವುದಿದ್ದರೆ ಅದನ್ನು ಅರ್ಜಿಯಲ್ಲಿ ಬೇರೆಯಾಗಿ ನಮೂದಿಸಬೇಕು ಎಂಬ ಒಂದು ಸಾಲು ಸೇರಿದರೆ ಅರ್ಧ ದಾರಿ ಕ್ರಮಿಸಿದಂತೆ. ಉಳಿದದ್ದು ಇನ್‌ಸ್ಪೆಕ್ಟರರ ಕೈಗೆ ಕೊಡುವ ಪಟ್ಟಿ: ಮೃದ್ವಸ್ಥಿಗೆ ಗನ್ ಇಲ್ಲ, ಆಟೋಕ್ಲೇವ್ ಇದ್ದರೆ ದಿನಾಂಕ, ತಾಪ, ಒತ್ತಡ, ನಿಮಿಷ ಬರೆದ ಪುಸ್ತಕ ಮತ್ತು ಸ್ಪೋರ್ ಟೆಸ್ಟ್ ವರದಿ, ಇಲ್ಲದಿದ್ದರೆ ಸ್ಟೆರೈಲ್ ಸೂಜಿ ಕೊಂಡ ಬಿಲ್ಲುಗಳು, ಬಿಳಿ ಡಬ್ಬ ಮತ್ತು ಅದರ ರಶೀದಿ, ಕೋಣೆಯೊಳಗೇ ಕೈ ತೊಳೆಯುವ ಬೇಸಿನ್, ಕೆಲಸಗಾರರ ಹೆಪಟೈಟಿಸ್ ಬಿ ಲಸಿಕೆ ದಾಖಲೆ, ಗಿರಾಕಿಯ ಹೆಸರು, ವಯಸ್ಸು, ಚುಚ್ಚಿದ ಜಾಗ, ಸೂಜಿಯ ಬ್ಯಾಚ್ ನಂಬರು ಇರುವ ರಿಜಿಸ್ಟರ್. ಈ ಕೊನೆಯದು ಇಲ್ಲದಿದ್ದರೆ ಸೋಂಕು ಬಂದಾಗ ಉಳಿದವರನ್ನು ಹುಡುಕಲು ಸಾಧ್ಯವೇ ಇಲ್ಲ. ಜಾತ್ರೆ, ಉರೂಸ್, ಎಕ್ಸಿಬಿಷನ್‌ಗಳ ಮಳಿಗೆಗೆ ಚುಚ್ಚುವ ಅನುಮತಿಯನ್ನೇ ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ನೀರಿಲ್ಲದ, ಮೂರು ದಿನದಲ್ಲಿ ಊರು ಬಿಡುವ ಅಂಗಡಿಯನ್ನು ಯಾರು ತಪಾಸಣೆ ಮಾಡುತ್ತಾರೆ?

ಬಿಗಿ ಮಾಡಿದರೆ ಗಿರಾಕಿಗಳು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಕೆಲವರು ಹೋಗುತ್ತಾರೆ ನಿಜ. ಅದಕ್ಕೇ ಶುಲ್ಕ ಕಡಿಮೆ ಇಡಬೇಕು, ಕೆಲಸ ಗೊತ್ತಿರುವವರಿಗೆ ಲೈಸೆನ್ಸ್ ಬೇಗ ಸಿಗಬೇಕು.

ಗಿರಾಕಿಗೂ ಎರಡು ಎಚ್ಚರಿಕೆ. 18 ತುಂಬದವರು ಒಪ್ಪಿಗೆ ಪತ್ರಕ್ಕೆ ಹಾಕಿದ ಸಹಿಗೆ 1872ರ ಕರಾರು ಕಾಯಿದೆಯ ಪ್ರಕಾರ ಬೆಲೆಯಿಲ್ಲ, ಪಾಲಕರದ್ದೇ ಬೇಕು. ಮತ್ತೆ, ಪುಕ್ಕಟೆ ಎಂದಾಗ ಹುಷಾರು: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಖ್ಯೆಯಲ್ಲಿ ಉಚಿತವಾಗಿ ಕೊಟ್ಟದ್ದು ‘ಸೇವೆ’ಯೇ ಅಲ್ಲ. ಕಿವಿ ಕೆಟ್ಟರೆ ಅಂಗಡಿಯವರು ಮೊದಲು ಎತ್ತುವ ವಾದ ಅದು. ಓಲೆಯ ಬಿಲ್ಲಿನಲ್ಲೇ ಚುಚ್ಚಿದ್ದನ್ನೂ ಒಂದು ಸಾಲಾಗಿ, ಹತ್ತು ರೂಪಾಯಿಯಾದರೂ ಹಾಕಿಸಿ ಬರೆಸಿಕೊಳ್ಳಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ನಿಮ್ಮ ಊರಿನ ಅಂಗಡಿಯ ಲೈಸೆನ್ಸಿನಲ್ಲಿ ಏನಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಪಂಚಾಯತ್‌ಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ಕೇರಳದ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಸರ್ಕಾರಿ ಕಚೇರಿಯೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿರುವುದರಿಂದ ಅರ್ಜಿ ಕನ್ನಡದಲ್ಲೇ ಇರಲಿ. ಲೈಸೆನ್ಸಿನ ಪ್ರತಿ, ಅದರ ಶರತ್ತುಗಳು, ಕೊನೆಯ ತಪಾಸಣೆಯ ವರದಿ, ಈ ಮೂರನ್ನು ಕೇಳಿ. ಅದರಲ್ಲಿ ಸೂಜಿಯ ಸುದ್ದಿಯೇ ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯ ಅಜೆಂಡಾಕ್ಕೆ ಬರೆದುಕೊಡಿ.